ಅಣ್ಣನ ಮಗ ದೊಡ್ಡವನಾಗೋ ತನಕ

2022ರ ನವೆಂಬರ್‌ನಲ್ಲಿ ಅಣ್ಣನ ಮಕ್ಕಳಿಬ್ಬರನ್ನೂ ಕರ್ಕೊಂಡು ಮೈಸೂರಿಗೆ ಹೋಗಿ ‘ಬ್ಲ್ಯಾಕ್ ಪ್ಯಾಂಥರ್: ವಕಾಂಡ ಫಾರೆವರ್’ ನೋಡಿದೆ. ಅಣ್ಣ ತೀರಿಕೊಂಡು ಆಗ ಒಂದೂವರೆ ವರ್ಷ. ಮಗಳಿಗೆ ಹನ್ನೊಂದು, ಮಗನಿಗೆ ಏಳು. ಹೋಗುವಾಗ ಕಿಟಕಿ ಸೀಟಿಗೆ ಇಬ್ಬರೂ ಜಗಳ ಆಡಿದ್ದರು. ಬರುವಾಗ ಹುಡುಗ ಹುಣಸೂರು ದಾಟುವಷ್ಟರಲ್ಲಿ ನಿದ್ದೆ. ಹುಡುಗಿ ಮಾತ್ರ ಎಚ್ಚರವಾಗಿದ್ದಳು, ಆದರೆ ಮಾತಿಲ್ಲ. ತಿತಿಮತಿ ಕಾಡು ಬಂದಾಗ ಕೇಳಿದಳು: “ಮಾವಿ, ಆ ಹುಡುಗ ದೊಡ್ಡವನಾದ ಮೇಲೆ ಶುರಿ ಏನ್ಮಾಡ್ತಾಳೆ?” (ನಮ್ಮ ಕೊಡವರಲ್ಲಿ ಅತ್ತೆಗೆ ಮಾವಿ ಅಂತೇವೆ.)

ನನಗೆ ಉತ್ತರ ಹೊಳೆಯಲಿಲ್ಲ.

ಸಿನಿಮಾ ನೋಡದವರಿಗೆ ಸ್ವಲ್ಪ ಕಥೆ ಹೇಳಬೇಕು. ಬ್ಲ್ಯಾಕ್ ಪ್ಯಾಂಥರ್ ಅನ್ನೋ ಸೂಪರ್‌ಹೀರೋ ಪಾತ್ರ ಮಾಡ್ತಿದ್ದ ನಟ ಚಾಡ್ವಿಕ್ ಬೋಸ್‌ಮನ್ 2020ರ ಆಗಸ್ಟ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು 43. ಅವರ ಜಾಗಕ್ಕೆ ಬೇರೆ ನಟನನ್ನು ತರಲಿಲ್ಲ. ಸಿನಿಮಾದಲ್ಲೂ ವಕಾಂಡ ದೇಶದ ರಾಜ, ಬ್ಲ್ಯಾಕ್ ಪ್ಯಾಂಥರ್ ಆಗಿದ್ದ ಟಿಚಾಲ, ಕಾಯಿಲೆಯಿಂದ ಸಾಯುತ್ತಾನೆ. ತಂಗಿ ಶುರಿ ಅವನನ್ನು ಉಳಿಸುವ ಗಿಡಮೂಲಿಕೆಯನ್ನು ಲ್ಯಾಬಿನಲ್ಲಿ ತಯಾರಿಸಲು ಒದ್ದಾಡುತ್ತಾಳೆ. ಆಗುವುದಿಲ್ಲ. ಆಮೇಲೆ ಇಡೀ ಊರು ಬಿಳಿ ಬಟ್ಟೆ ಉಟ್ಟು ಅವನನ್ನು ಕಳಿಸಿಕೊಡುತ್ತದೆ. ಸಾವಿನ ಮನೆಗೆ ಬಿಳಿ ಉಡುವುದು ನಮ್ಮಲ್ಲೂ ಇದೆ. ಆ ದೃಶ್ಯ ಬಂದಾಗ ಮಕ್ಕಳಿಬ್ಬರೂ ನನ್ನ ಕೈ ಹಿಡ್ಕೊಂಡರು.

ಕೊನೆಗೆ ಶುರಿಯೇ ಬ್ಲ್ಯಾಕ್ ಪ್ಯಾಂಥರ್ ಆಗುತ್ತಾಳೆ. ಆದರೆ ಎಷ್ಟು ಕಷ್ಟದಲ್ಲಿ ಆಗುತ್ತಾಳೆ ನೋಡಿ. ಅಣ್ಣನ ಜೊತೆ ತಾಯಿಯನ್ನೂ ಕಳೆದುಕೊಳ್ಳುತ್ತಾಳೆ. ಮೂಲಿಕೆ ಕುಡಿದು ಪೂರ್ವಜರ ಲೋಕಕ್ಕೆ ಹೋದಾಗ ಅಮ್ಮ ಸಿಗಬಹುದು ಅಂತ ಆಸೆ ಪಟ್ಟಿರುತ್ತಾಳೆ. ಅಲ್ಲಿ ಕೂತಿರುವುದು ಅಣ್ಣನ ಸಿಂಹಾಸನ ಕಿತ್ತುಕೊಂಡಿದ್ದ ಕಿಲ್‌ಮಾಂಗರ್! ಅವಳ ಎದೆಯೊಳಗೆ ಸೇಡು ತುಂಬಿತ್ತು, ಅದಕ್ಕೇ ಅವನು ಕಂಡ. ನನಗೆ ಈ ಜಾಗ ತುಂಬಾ ನಿಜ ಅನ್ನಿಸಿತು. ಹೋದವರ ಜವಾಬ್ದಾರಿ ತಲೆ ಮೇಲೆ ಬಂದಾಗ ಮೊದಲು ಬರುವುದು ಸಿಟ್ಟು. ನನಗಂತೂ ಹಾಗೇ ಆಗಿತ್ತು.

ಸಿನಿಮಾ ಮುಗಿದು ಹೆಸರುಗಳು ಓಡಲು ಶುರುವಾದ ಮೇಲೆ ಇನ್ನೊಂದು ದೃಶ್ಯ ಬರುತ್ತದೆ. ಹೈಟಿ ದೇಶದ ಕಡಲ ತೀರ. ಟಿಚಾಲನಿಗೆ ಒಬ್ಬ ಪುಟ್ಟ ಮಗ ಇದ್ದಾನೆ, ಅವನ ಹೆಸರೂ ಟಿಚಾಲ. ಥಿಯೇಟರ್‌ನಲ್ಲಿ ಶಿಳ್ಳೆಯೋ ಶಿಳ್ಳೆ. ನನ್ನ ಕಣ್ಣಲ್ಲೂ ನೀರು ಬಂತು, ಸುಳ್ಳು ಹೇಳಲ್ಲ. ಆದರೆ ಪಕ್ಕದ ಸೀಟಿನಲ್ಲಿ ಹನ್ನೊಂದು ವರ್ಷದ ಹುಡುಗಿ ಬೇರೆ ಲೆಕ್ಕ ಹಾಕ್ತಾ ಇದ್ದಳು. ಅದೇ ಲೆಕ್ಕ ತಿತಿಮತಿಯಲ್ಲಿ ಬಾಯಿಗೆ ಬಂತು.

ಯಾಕೆ ಅಂದ್ರೆ ಅವಳು ಆ ಮಾತನ್ನು ಮನೆಯಲ್ಲೇ ಕೇಳಿದ್ದಳು. ಅಣ್ಣ ಹೋದ ಮೇಲೆ ನಾನು ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಬಂದೆ. ಬಂದವರೆಲ್ಲ ಬೆನ್ನು ತಟ್ಟಿ ಹೇಳಿದ್ದು ಒಂದೇ ಮಾತು: “ಅಣ್ಣನ ಮಗ ದೊಡ್ಡವನಾಗೋ ತನಕ ನೋಡ್ಕೋ ಮಗಾ.” ಪ್ರೀತಿಯಿಂದಲೇ ಹೇಳಿದ್ದು. ಅವನಿಗಿಂತ ನಾಲ್ಕು ವರ್ಷ ದೊಡ್ಡ ಅಕ್ಕ ಅಲ್ಲೇ ಕಾಫಿ ತಟ್ಟೆ ಹಿಡ್ಕೊಂಡು ನಿಂತಿದ್ದಳು. ಅವಳು ದೊಡ್ಡವಳಾದ ಮೇಲೆ ಏನು ಅಂತ ಯಾರೂ ಹೇಳಲಿಲ್ಲ.

ಮೊದಲ ವರ್ಷ ಕಾಫಿ ಮಾರೋಕೆ ಒಬ್ಬ ವ್ಯಾಪಾರಿಗೆ ಫೋನ್ ಮಾಡಿದೆ. ಚೆರಿ ಕಾಫಿ ಎಷ್ಟು ಮೂಟೆ ಇದೆ, ಓಟಿ (ಮೂಟೆಗೆ ಎಷ್ಟು ಬೀಜ ಸಿಗುತ್ತೆ ಅನ್ನೋ ಲೆಕ್ಕ) ಎಷ್ಟು ಬಂದಿದೆ, ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು, “ಮನೇಲಿ ಗಂಡಸರು ಯಾರಾದ್ರೂ ಇದ್ರೆ ಫೋನ್ ಕೊಡಿಯಮ್ಮ, ರೇಟ್ ಮಾತಾಡೋಣ” ಅಂದರು. ನಾನು ಫೋನ್ ಇಟ್ಟು ಕಾಫಿಯನ್ನು ಬೇರೆ ವ್ಯಾಪಾರಿಗೆ ಕೊಟ್ಟೆ.

ಇಷ್ಟೆಲ್ಲ ಈಗ ಬರೆಯೋಕೆ ಕಾರಣ, ಗಂಡು ಸೂಪರ್‌ಹೀರೋಗಳ ಹೆಸರನ್ನು ಹೆಣ್ಣುಮಕ್ಕಳಿಗೆ ಕೊಡ್ತಾರೆ ಅಂತ ಮತ್ತೆ ಮತ್ತೆ ಏಳುವ ಜಗಳ. “ಅವರಿಗೆ ಬೇಕಾದ್ರೆ ಹೊಸ ಪಾತ್ರ ಬರೀಲಿ, ನಮ್ಮ ಹೀರೋ ಹೆಸರು ಯಾಕೆ?” ಅಂತ ಒಂದು ಕಡೆಯವರು. “ಕೊಟ್ರೆ ಏನೀಗ?” ಅಂತ ಇನ್ನೊಂದು ಕಡೆಯವರು. ನನಗೆ ಇಬ್ಬರೂ ಮುಖ್ಯ ಪ್ರಶ್ನೆ ಬಿಟ್ಟಿದ್ದಾರೆ ಅನ್ನಿಸುತ್ತದೆ. ಹೆಸರು ಕೊಟ್ಟರಾ ಇಲ್ಲವಾ ಅನ್ನೋದು ಆಮೇಲಿನದು. ಕೊಟ್ಟ ಮೇಲೆ ಅದು ಅವಳದ್ದಾಯ್ತಾ? ಅಥವಾ ಇನ್ನೊಬ್ಬ ಗಂಡು ಬರೋ ತನಕ ಕಾಯ್ದುಕೊಂಡಿರು ಅಂತ ಕೊಟ್ಟದ್ದಾ?

ಥಾರ್ ಅನ್ನೋ ಸೂಪರ್‌ಹೀರೋ ಕಥೆ ತಗೊಳ್ಳಿ. ಅವನ ಸುತ್ತಿಗೆಯನ್ನು ಯೋಗ್ಯರಾದವರು ಮಾತ್ರ ಎತ್ತಬಲ್ಲರು, ಎತ್ತಿದವರಿಗೆ ಅವನ ಶಕ್ತಿ ಬರುತ್ತದೆ. 2014ರಲ್ಲಿ ಕಾಮಿಕ್ಸ್‌ನಲ್ಲಿ ಅವನ ಹಳೆಯ ಗೆಳತಿ ಜೇನ್ ಫಾಸ್ಟರ್ ಆ ಸುತ್ತಿಗೆ ಎತ್ತಿದಳು. ಜೇಸನ್ ಆರನ್ ಬರೆದದ್ದು. ಸುತ್ತಿಗೆಯ ಮೇಲೆ ‘ಯೋಗ್ಯನಾದವನು’ ಅಂತ ಇದ್ದ ಸಾಲು ‘ಯೋಗ್ಯಳಾದವಳು’ ಅಂತ ಬದಲಾಗುತ್ತದೆ. ಮುಖವಾಡದ ಹಿಂದೆ ಯಾರಿದ್ದಾರೆ ಅಂತ ಓದುಗರಿಗೆ ಎಷ್ಟೋ ತಿಂಗಳು ಗೊತ್ತೇ ಇರಲಿಲ್ಲ. ಅವಳಿಗೆ ಕ್ಯಾನ್ಸರ್. ಪ್ರತಿ ಸಲ ಥಾರ್ ಆದಾಗಲೂ ಮೈಯೊಳಗಿನ ಕೀಮೋ ಔಷಧ ವಿಷದ ಹಾಗೆ ಹೊರಗೆ ಹೋಗಿಬಿಡುತ್ತದೆ. ಲೋಕ ಉಳಿಸಿದಷ್ಟೂ ಅವಳ ಕಾಯಿಲೆ ಜಾಸ್ತಿ. ಇಷ್ಟು ಗಟ್ಟಿಯಾದ ಕಥೆ ಅದು. ಹಳೆಯ ಥಾರ್ ಕೂಡ ಕೊನೆಗೆ ಒಪ್ಪಿ ತನ್ನ ಹೆಸರನ್ನೇ ಅವಳಿಗೆ ಬಿಟ್ಟುಕೊಡುತ್ತಾನೆ.

2022ರಲ್ಲಿ ಅದೇ ಕಥೆ ‘ಥಾರ್: ಲವ್ ಆ್ಯಂಡ್ ಥಂಡರ್’ ಆಗಿ ಬಂತು. ನ್ಯಾಟಲಿ ಪೋರ್ಟ್‌ಮನ್ ಇದ್ದರು. ಕಿರುಚುವ ಮೇಕೆಗಳಿಗೆ ಕೊಟ್ಟಷ್ಟು ಗಮನವನ್ನೂ ಆಸ್ಪತ್ರೆಯ ಕುರ್ಚಿಯಲ್ಲಿ ಕೂತ ಜೇನ್‌ಗೆ ಕೊಡಲಿಲ್ಲ ಅಂತ ನನ್ನ ಬೇಸರ. ಒಂದೇ ಸಿನಿಮಾದಲ್ಲಿ ಸುತ್ತಿಗೆ ಎತ್ತಿದಳು, ಸತ್ತಳು. ಸುತ್ತಿಗೆ ತಿರುಗಿ ಅವನ ಕೈಗೆ ಹೋಯಿತು. ಅಂದರೆ ಅವಳಿಗೆ ಸಿಕ್ಕಿದ್ದು ಎರವಲು. ಮದುವೆಗೆ ಹಾಕ್ಕೊಂಡು ವಾಪಸ್ ಕೊಡುವ ಸರದ ಹಾಗೆ.

ಇದನ್ನು ಕ್ಯಾಪ್ಟನ್ ಅಮೆರಿಕದ ಗುರಾಣಿ ಜೊತೆ ಹೋಲಿಸಿ. 2019ರ ಸಿನಿಮಾದಲ್ಲಿ, ಕ್ಯಾಪ್ಟನ್ ಅಮೆರಿಕ ಆಗಿದ್ದ ಸ್ಟೀವ್ ಮುದುಕನಾಗಿ ಅದನ್ನು ಗೆಳೆಯ ಸ್ಯಾಮ್‌ಗೆ ಕೊಟ್ಟ. ಸ್ಯಾಮ್ ಕಪ್ಪು ಜನಾಂಗದವನು. ಅವನು ಆ ಹೆಸರು ಹೊರಬೇಕಾ ಬೇಡವಾ ಅಂತ ಯೋಚಿಸೋಕೆ 2021ರಲ್ಲಿ ಆರು ಎಪಿಸೋಡಿನ ಸರಣಿ ಕೊಟ್ಟರು. 2025ರಲ್ಲಿ ಅವನದ್ದೇ ಸಿನಿಮಾ ಬಂತು. ಅದು ಸರಿಯಾದ ಕ್ರಮ. ಜೇನ್‌ಗೂ ಅಷ್ಟೇ ಸಮಯ ಬೇಕಿತ್ತು, ಅಷ್ಟೇ ನಾನು ಕೇಳ್ತಾ ಇರೋದು.

ಹೊಸ ಪಾತ್ರ ಬರೀಲಿ ಅನ್ನುವವರ ಮಾತು ಅರ್ಧ ಒಪ್ಪುತ್ತೇನೆ. ಪಕ್ಕದ ಕೇರಳದಲ್ಲಿ 2025ರಲ್ಲಿ ‘ಲೋಕಃ’ ಬಂತಲ್ಲ, ಕಲ್ಯಾಣಿ ಪ್ರಿಯದರ್ಶನ್ ಮಾಡಿದ್ದು. ಅವರ ನೆಲದ ನೀಲಿ ಅನ್ನೋ ಯಕ್ಷಿಯ ಕಥೆಯಿಂದಲೇ ಒಬ್ಬ ನಾಯಕಿಯನ್ನು ಕಟ್ಟಿದರು. ತುಂಬಾ ಖುಷಿಯಾಯ್ತು. ಆದರೆ ಹೊಸ ಮನೆ ಕಟ್ಟಿಕೋ ಅಂತ ಹೆಣ್ಣಿಗೆ ಹೇಳಿ, ಹಳೆ ಮನೆಯ ಬಾಗಿಲು ಹಾಕುವುದು ಇನ್ನೊಂದು ವಿಷಯ. ಕ್ಯಾರಲ್ ಡ್ಯಾನ್ವರ್ಸ್ ಅನ್ನೋ ಪಾತ್ರ ಕಾಮಿಕ್ಸ್‌ಗೆ ಬಂದದ್ದು 1968ರಲ್ಲಿ. 1977ರಲ್ಲಿ ‘ಮಿಸ್ ಮಾರ್ವೆಲ್’ ಆದಳು. ಮೊದಲು ಒಬ್ಬ ಗಂಡು ಹೀರೋದ್ದಾಗಿದ್ದ ‘ಕ್ಯಾಪ್ಟನ್ ಮಾರ್ವೆಲ್’ ಅನ್ನೋ ಹೆಸರು ಅವಳಿಗೆ ಸಿಗಬೇಕಾದರೆ 2012 ಆಯಿತು. 44 ವರ್ಷ! 2019ರಲ್ಲಿ ಸಿನಿಮಾ ಬರುವ ಮೊದಲೇ, ನೋಡದೇ ಇದ್ದವರೆಲ್ಲ ಇಂಟರ್‌ನೆಟ್‌ನಲ್ಲಿ ಬೈದರು. ಆ ವ್ಯಾಪಾರಿಯೂ ನನ್ನ ಕಾಫಿ ನೋಡಿರಲಿಲ್ಲ.

ನಮ್ಮ ಕೊಡವರಲ್ಲಿ ಒಕ್ಕಪರಿಜೆ ಅಂತ ಒಂದು ಹಳೆಯ ಪದ್ಧತಿ ಇದೆ. ಒಕ್ಕ ಅಂದರೆ ಒಂದೇ ಮನೆತನದ ದೊಡ್ಡ ಕುಟುಂಬ. ಅದರಲ್ಲಿ ಗಂಡು ಯಾರೂ ಉಳಿಯದೆ ಒಬ್ಬಳೇ ಮಗಳಿದ್ದರೆ, ಗಂಡ ಅವಳ ಒಕ್ಕಕ್ಕೆ ಬರುತ್ತಾನೆ. ಹುಟ್ಟುವ ಮಕ್ಕಳಿಗೆ ತಾಯಿಯ ಒಕ್ಕದ ಹೆಸರು. ಐನ್‌ಮನೆಯ (ಒಕ್ಕದ ಮೂಲಮನೆಯ) ದೀಪ ಆರಬಾರದು ಅಂತ ಹಿರಿಯರು ಮಾಡಿದ ದಾರಿ. ಚಿಕ್ಕವಳಿದ್ದಾಗ ಅದನ್ನು ಕೇಳಿ ಎಷ್ಟು ಹೆಮ್ಮೆಪಟ್ಟಿದ್ದೆ! ಈಗಲೂ ಹೆಮ್ಮೆ ಇದೆ. ಆದರೆ ಈಗ ಅದರಲ್ಲಿ ಇನ್ನೊಂದೂ ಕಾಣುತ್ತದೆ. ಗಂಡಸರು ಯಾರೂ ಇಲ್ಲದಾಗ ಮಾತ್ರ ಅವಳು. ಶುರಿಗೂ ಹಾಗೇ ಆಯ್ತು ಅಲ್ವಾ? ಅಣ್ಣ ಸತ್ತದ್ದಕ್ಕೆ ಅವಳು, ಮಗ ಸಿಕ್ಕಿದ ಮೇಲೆ ಅವನು. ಹಾಗಂತ ಸಿನಿಮಾ ಬಾಯಿಬಿಟ್ಟು ಹೇಳಿಲ್ಲ. ಹುಡುಗಿಗೆ ಮಾತ್ರ ಹಾಗೆ ಕೇಳಿಸಿತು.

ಅದಕ್ಕೇ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೇಟ್ ಬಿಷಪ್. ಹಾಕ್‌ಐ ಅನ್ನೋ ಬಿಲ್ಲುಗಾರನ ಹೆಸರು ಅವಳಿಗೂ ಇದೆ. 2021ರ ಸರಣಿಯಲ್ಲಿ ಅವಳು ಚಿಕ್ಕ ಹುಡುಗಿ ಇದ್ದಾಗ, ಒಡೆದುಹೋದ ತನ್ನ ಮನೆಯಿಂದ ದೂರದಲ್ಲಿ ಒಬ್ಬ ಮಾಮೂಲಿ ಮನುಷ್ಯ ಬರೀ ಬಿಲ್ಲು ಹಿಡಿದು ಹೋರಾಡೋದನ್ನು ನೋಡುತ್ತಾಳೆ. ಅದೇ ದಿನ ಅವಳ ಅಪ್ಪ ಸಾಯುತ್ತಾನೆ. ಏನು ಬೇಕು ಅಂತ ಅಮ್ಮ ಕೇಳಿದರೆ ಬಿಲ್ಲು ಬಾಣ ಅನ್ನುತ್ತಾಳೆ. ಯಾರೂ ಅವಳನ್ನು ಕರೆದು ಕೂರಿಸಲಿಲ್ಲ, ಅವಳೇ ಆರಿಸಿಕೊಂಡಳು. ಕಾಮಿಕ್ಸ್‌ನಲ್ಲಿ ಇನ್ನೂ ಚೆನ್ನಾಗಿದೆ. ಹಳೆಯ ಹಾಕ್‌ಐ ಸತ್ತ ಅಂದುಕೊಂಡಾಗ ಹೆಸರು ಅವಳಿಗೆ ಬಂತು. ಆಮೇಲೆ ಅವನು ಬದುಕಿ ವಾಪಸ್ ಬಂದ. ಆದರೂ ಹೆಸರು ವಾಪಸ್ ಕೇಳಲಿಲ್ಲ, ಇಟ್ಟುಕೋ ಅಂದ. ಆಮೇಲಿಂದ ಇಬ್ಬರೂ ಹಾಕ್‌ಐ.

ಒಂದು ಹೆಸರನ್ನು ಇಬ್ಬರು ಹೊತ್ತರೆ ಅದು ಹಾಳಾಗಲ್ಲ ಅಂತ ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಕ್ಕ ಒಕ್ಕಗಳೇ ತಂಡ ಕಟ್ಟಿ ಆಡುವ ನಮ್ಮ ಕೌಟುಂಬಿಕ ಹಾಕಿ ನೋಡಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಶುರು ಮಾಡಿದಾಗ 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಒಕ್ಕಗಳ ತಂಡ ಸೇರಿದವು. ಜೆರ್ಸಿ ಮೇಲೆ ಒಕ್ಕದ ಹೆಸರು. ಅದೇ ಹೆಸರು ಹಾಕ್ಕೊಂಡು ಅಜ್ಜನೂ ಆಡ್ತಾರೆ, ಸೊಸೆಯೂ ಆಡ್ತಾಳೆ, ಸ್ಕೂಲಿಗೆ ಹೋಗೋ ಹುಡುಗನೂ ಆಡ್ತಾನೆ. ಹೆಂಗಸು ಅದೇ ಹೆಸರು ಹಾಕ್ಕೊಂಡು ಗೋಲು ಹೊಡೆದರೆ ಗ್ಯಾಲರಿಯಲ್ಲಿ ವೋಲಗ ಇನ್ನೂ ಜೋರಾಗುತ್ತದೆ.

ಅಣ್ಣ ಪ್ರತಿ ವರ್ಷ ಆಡ್ತಿದ್ದ, ಹಾಫ್ ಬ್ಯಾಕ್. ಅವನ ಸ್ಟಿಕ್ ಸ್ಟೋರ್ ರೂಮಲ್ಲಿ ಮೆಣಸಿನ ಚೀಲದ ಹಿಂದೆ ಇತ್ತು. ಯಾರಿಗೂ ಮುಟ್ಟೋಕೆ ಮನಸ್ಸು ಬಂದಿರಲಿಲ್ಲ. ಈ ಮಾರ್ಚ್‌ನಲ್ಲಿ, ಕಾಫಿ ಹೂಬಿಡಿಸುವ ಹೂಮಳೆ ಬಂದ ಮರುದಿನ, ನಾನೂ ತೋಟದ ಲೆಕ್ಕ ನೋಡುವ ರೈಟರೂ ತೋಟದಲ್ಲಿ ಎಲ್ಲೆಲ್ಲಿ ಎಷ್ಟು ಮಳೆ ಬಿದ್ದಿದೆ ಅಂತ ನೋಡಿಕೊಂಡು ಮನೆಗೆ ಬಂದೆವು. ಕಣದಲ್ಲಿ ಹುಡುಗಿ ಕೂತಿದ್ದಾಳೆ. ಸ್ಟಿಕ್‌ನ ಹಳೆ ಗ್ರಿಪ್ ಬಿಚ್ಚಿ ಹೊಸದು ಸುತ್ತುತ್ತಾ ಇದ್ದಾಳೆ. ಸ್ಟಿಕ್ ಅವಳಿಗೆ ಸ್ವಲ್ಪ ಉದ್ದವೇ. ತಮ್ಮ ಎದುರಿಗೆ ಕುಕ್ಕರುಗಾಲಲ್ಲಿ ಕೂತು ನೋಡ್ತಾ ಇದ್ದ.

“ಅದು ಅಪ್ಪಂದು. ನಂಗೆ ಯಾವಾಗ ಕೊಡ್ತೀಯ?” ಅಂದ.

ಅವಳು ತಲೆ ಎತ್ತಲಿಲ್ಲ. “ಇದು ನಂದು. ನಿಂಗೆ ಗೋಣಿಕೊಪ್ಪದಿಂದ ಬೇರೆ ತರೋಣ. ಇಬ್ರೂ ಆಡೋಣ” ಅಂದಳು.

ಅವನಿಗೆ ಬಣ್ಣ ಯಾವುದು ಅನ್ನೋದಷ್ಟೇ ಮುಖ್ಯವಾಗಿತ್ತು. ನೀಲಿ ಬೇಕಂತೆ. ಭಾನುವಾರ ಹೋಗಿ ತಂದೆವು.