ಗೂಬೆ ಕೂರಿಸಿಕೊಂಡವಳ ಸಾಹಸಗಳು

ತಿಂಗಳಿಗೆ ಎರಡು ಭಾನುವಾರ ಮಧ್ಯಾಹ್ನ ನಾನು ಮಾಂತ್ರಿಕೆಯಾಗಿರುತ್ತೇನೆ. ಗೆಳತಿಯ ಮನೆಯ ಊಟದ ಮೇಜಿನ ಸುತ್ತ ಐವರು ಕುಳಿತು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತೇವೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಈ ಆಟದಲ್ಲಿ ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ಬದುಕುತ್ತಾರೆ, ಅವರ ಹಣೆಬರಹವನ್ನು ಇಪ್ಪತ್ತು ಮುಖದ ದಾಳ ಬರೆಯುತ್ತದೆ. ಇಷ್ಟನ್ನೂ ವಿವರಿಸಿದ ಮೇಲೆ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಅಂದ್ರೆ ನೀನು ಮಾಟಗಾತಿಯೇನೇ?” ಗಂಡಸು ಮಂತ್ರ ಹಾಕಿದರೆ ಮಾಂತ್ರಿಕ, ಹೆಂಗಸು ಹಾಕಿದರೆ ಮಾಟಗಾತಿ ಎನ್ನುವ ಈ ನ್ಯಾಯವನ್ನು ನಾನು ಉಗ್ರವಾಗಿ ಖಂಡಿಸುವಷ್ಟರಲ್ಲಿ ಅಮ್ಮ ಒಗ್ಗರಣೆಗೆಂದು ಎದ್ದು ಹೋಗಿದ್ದಳು.

ಕೈ ಬೀಸಿದರೆ ಮಿಂಚು ಹಾರುತ್ತದೆಂದು ನಂಬಿ ಈ ಪಾತ್ರವನ್ನು ಆರಿಸಿಕೊಂಡವಳು ನಾನು. ನಿಯಮಪುಸ್ತಕ ತೆರೆದರೆ ಅಲ್ಲಿದ್ದದ್ದು ಅಪ್ಪಟ ಸಂಸಾರ. ನಾವು ಅನುಸರಿಸುವ 2014ರ ನಿಯಮಗಳ ಪ್ರಕಾರ ಮೊದಲ ಹಂತದ ಮಾಂತ್ರಿಕೆಗೆ ದೊಡ್ಡ ಮಂತ್ರಗಳನ್ನು ಪ್ರಯೋಗಿಸಲು ಎರಡೇ ಅವಕಾಶ. ನಡುವೆ ತುಸು ದಣಿವಾರಿಸಿಕೊಂಡರೆ ಒಂದು ಮರಳಿ ಬಂದೀತು, ಅದೂ ತೀರಿದರೆ ಎಂಟು ತಾಸಿನ ವಿಶ್ರಾಂತಿಯಾಗುವವರೆಗೆ ಚಿಲ್ಲರೆ ಮಂತ್ರಗಳಲ್ಲೇ ಕಾಲ ತಳ್ಳಬೇಕು. ಆಯುಸ್ಸಿನ ವಿಷಯವಂತೂ ಹೇಳುವುದೇ ಬೇಡ. ನನ್ನವಳು ಏಳು ಅಂಕದ ಜೀವ ಹಿಡಿದುಕೊಂಡು ಹೊರಟವಳು. ಆದರೂ ಹಳೆಯ ಆವೃತ್ತಿಗಿಂತ ಇದು ವಾಸಿ. ಆಗ ನಾಲ್ಕು ಮುಖದ ದಾಳವನ್ನು ಉರುಳಿಸಿ ಆಯುಸ್ಸು ನಿರ್ಧರಿಸುತ್ತಿದ್ದರು, ಮನೆಯ ಬೆಕ್ಕು ಪರಚಿದರೂ ಮಾಂತ್ರಿಕ ಸಾಯುತ್ತಾನೆಂಬುದು ಹಳೆಯ ಆಟಗಾರರ ಸವೆದುಹೋದ ತಮಾಷೆ.

ಇನ್ನು ಚೀಲ. ಬೆಂಕಿಯುಂಡೆ ಎಸೆಯಲು ಬಾವಲಿಯ ಹಿಕ್ಕೆ ಮತ್ತು ಗಂಧಕ ಬೇಕು. ಶತ್ರುಗಳನ್ನು ಮಲಗಿಸಲು ನುಣ್ಣನೆಯ ಮರಳು ಅಥವಾ ಗುಲಾಬಿ ದಳ ಅಥವಾ ಒಂದು ಜೀರುಂಡೆ ಬೇಕು. ಇವೆಲ್ಲ ಸೊಂಟದ ಒಂದೇ ಚೀಲದಲ್ಲಿ ಸಹಬಾಳ್ವೆ ನಡೆಸುತ್ತವೆ. ಹೊಸ ಮಂತ್ರವನ್ನು ಪುಸ್ತಕಕ್ಕೆ ನಕಲು ಮಾಡಿಕೊಳ್ಳಲು ಮಂತ್ರದ ಪ್ರತಿ ಹಂತಕ್ಕೂ ಎರಡು ತಾಸು ಮತ್ತು 50 ಚಿನ್ನದ ನಾಣ್ಯ ತಗಲುವುದರಿಂದ, ಕತ್ತಿ ಹಿಡಿದವರು ಹೆಂಡದಂಗಡಿಯಲ್ಲಿ ಹಾಡುತ್ತಿರುವಾಗ ನಾನು ಮೂಲೆಯಲ್ಲಿ ಲೆಕ್ಕ ಬರೆಯುತ್ತಿರುತ್ತೇನೆ.

ಆ ಲೆಕ್ಕದಲ್ಲಿ ಪದೇಪದೇ ಕಾಣಿಸುವ ಖರ್ಚು ನನ್ನ ಗೂಬೆಯದು. ಹಿತ್ತಾಳೆಯ ಅಗ್ಗಿಷ್ಟಿಕೆಯಲ್ಲಿ ಹತ್ತು ನಾಣ್ಯದಷ್ಟು ಇದ್ದಿಲು, ಧೂಪ, ಗಿಡಮೂಲಿಕೆ ಸುಟ್ಟು ಒಂದು ತಾಸು ಮಂತ್ರ ಹೇಳಿದರೆ ಮಾಂತ್ರಿಕೆಗೆ ಒಂದು ಸಂಗಾತಿ ಪ್ರಾಣಿ ಒಲಿಯುತ್ತದೆ. ಪಶ್ಚಿಮದವರಿಗೆ ಗೂಬೆ ಜ್ಞಾನದ ಗುರುತು. ಅಮ್ಮನಿಗೆ ಅದು ಶಾಂತಿ ಮಾಡಿಸಬೇಕಾದ ಅನಿಷ್ಟ. ಯಾರೋ ಬಾಣ ಬಿಟ್ಟಾಗಲೆಲ್ಲ ಅದು ಮಾಯವಾಗುತ್ತದೆ, ನಾನು ಮತ್ತೆ ಇದ್ದಿಲು ಹುಡುಕುತ್ತೇನೆ.

ಐದನೆಯ ಹಂತಕ್ಕೇರಿ ಬೆಂಕಿಯುಂಡೆ ಕೈಗೆ ಬಂದ ದಿನ ನಾವೊಂದು ಪಾಳು ಗೋಪುರದಲ್ಲಿದ್ದೆವು. ಮೂವತ್ತಡಿ ಉದ್ದಗಲದ ಕೋಣೆಯ ತುಂಬ ಅಸ್ಥಿಪಂಜರಗಳು. ಗೆಳೆಯರು ಬಾಗಿಲಾಚೆ ಗೋಡೆಯ ಮರೆಯಲ್ಲಿ ಅವಿತಿದ್ದರು, ಗೂಬೆ ನಮ್ಮ ಪೂಜಾರಿಯ ಹೆಗಲ ಮೇಲಿತ್ತು, ನಾನು ನಲವತ್ತಡಿ ಹಿಂದೆ ನಿಂತಿದ್ದೆ. ಬೆರಳು ತೋರಿಸಿದೆ. ಮೇಜಿನ ಮೇಲಿದ್ದ ಆರು ಮುಖದ ದಾಳಗಳನ್ನೆಲ್ಲ ಸೇರಿಸಿ ಎಂಟನ್ನು ಉರುಳಿಸಿದಾಗ ಬಂದದ್ದು 34. ಕುಣಿದಾಡಿದೆ.

ಕಥೆ ನಡೆಸುವವನು ತಣ್ಣಗೆ ನಿಯಮ ಓದತೊಡಗಿದ. ಬೆಂಕಿಯ ವ್ಯಾಪ್ತಿ ಸುತ್ತಲೂ ಇಪ್ಪತ್ತಡಿ. ಅದು ಗೋಡೆಯ ಮೂಲೆಗಳನ್ನೂ ಬಳಸಿಕೊಂಡು ಹರಡುತ್ತದೆ. ಗಾಯ ಮಾಯಿಸಬೇಕಾದ ಪೂಜಾರಿಯೇ ಮೊದಲು ಎಚ್ಚರ ತಪ್ಪಿದ. ಯಾರೂ ತೊಟ್ಟಿರದ, ಹಿಡಿದಿರದ, ಉರಿಯಬಲ್ಲ ವಸ್ತುಗಳೆಲ್ಲ ಹೊತ್ತಿಕೊಳ್ಳುತ್ತವೆ ಎಂದು ಆತ ಮುಂದುವರಿಸಿ, “ಅಂದಹಾಗೆ, ಅದು ಗ್ರಂಥಾಲಯ ಆಗಿತ್ತು” ಎಂದ. ಕಪಾಟುಗಳಲ್ಲಿ ನನಗೆಂದೇ ಇರಿಸಿದ್ದ ಏಳು ಮಂತ್ರದ ಸುರುಳಿಗಳ ಪಟ್ಟಿಯನ್ನೂ ತೋರಿಸಿದ, ದುಷ್ಟ. ಹೊಸ ಮಂತ್ರಗಳ ನಕಲಿಗೆಂದೇ ಮುನ್ನೂರು ನಾಣ್ಯ ಕೂಡಿಟ್ಟಿದ್ದೆ.

ಒಳಗೆ ಇಣುಕಿಯೂ ಪುಸ್ತಕಗಳನ್ನು ಕಾಣದ ನಮ್ಮ ತಂಡದ ಕಳ್ಳನ ತಪ್ಪು, ಬಾಗಿಲಿಗೇ ಅಂಟಿ ನಿಂತ ಪೂಜಾರಿಯ ತಪ್ಪು ಯಾವುದೂ ಲೆಕ್ಕಕ್ಕೆ ಬರದೆ, ಎಲ್ಲರೂ ಸೇರಿ ಗೂಬೆಯನ್ನು ನನ್ನ ಮೇಲೆಯೇ ಕೂರಿಸಿದರು. ನಿಜವಾದ ಗೂಬೆ ಅಷ್ಟರಲ್ಲಿ ಹೊಗೆಯಾಗಿತ್ತು. ಲೆಕ್ಕದ ಹಾಳೆ ತೆಗೆದು ಬರೆದುಕೊಂಡೆ: ಇದ್ದಿಲು, ಧೂಪ, ಗಿಡಮೂಲಿಕೆ, ಹತ್ತು ನಾಣ್ಯ.