ಬಣ್ಣ ನೋಡಿ ಕೋಳಿ ಸಾಕುವುದು ಬರೀ ಶೋಕಿಯಲ್ಲ

"ತಿನ್ನೋ ಕೋಳಿಗೆ ಬಣ್ಣ ಯಾಕೆ ನೋಡ್ತೀಯಪ್ಪಾ?" ಅಂತ ಚಿಕ್ಕಪ್ಪ ಫೋನಿನಲ್ಲಿ ಆಗಾಗ ಕೇಳುತ್ತಾರೆ. ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ ಕೋಳಿ ಅಂದರೆ ಹಬ್ಬದ ಸಾರು, ದೇವರ ಹರಕೆ, ಕಷ್ಟಕಾಲಕ್ಕೆ ನಾಲ್ಕು ಕಾಸು. ಅಂದಕ್ಕೆ ಸಾಕಿದರೆ ಅದು ದುಡ್ಡಿದ್ದವರ ಶೋಕಿ. ನಾನಿರುವ ಅಮೆರಿಕದ ಒಹಾಯೋದಲ್ಲಿ ಇದೇ ಶೋಕಿ ಎಷ್ಟೋ ಹಳೇ ತಳಿಗಳನ್ನು ಉಳಿಸಿದೆ. ನಮ್ಮ ಜಿಲ್ಲೆಗಳಲ್ಲೂ ಈ ಹುಚ್ಚು ಸ್ವಲ್ಪ ಹಿಡಿಯಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಬಕೈ ಅನ್ನುವ ತಳಿಯನ್ನೇ ನೋಡಿ. 1890ರ ದಶಕದಲ್ಲಿ ಇದೇ ಒಹಾಯೋದ ವಾರನ್‌ನಲ್ಲಿ ನೆಟ್ಟಿ ಮೆಟ್‌ಕಾಫ್ ಅನ್ನುವ ಹೆಣ್ಣುಮಗಳು ಇದನ್ನು ಬೆಳೆಸಿದರು. ಮೈಯೆಲ್ಲ ಗಾಢ ಕೆಂಪು-ಕಂದು. ಜುಟ್ಟು ಸಣ್ಣದು, ತಲೆಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಇಲ್ಲಿನ ಚಳಿಗೆ ಜುಟ್ಟು ಹೆಪ್ಪುಗಟ್ಟಿ ಹಾಳಾಗುವ ಭಯ ಕಡಿಮೆ. ಬ್ರಾಯ್ಲರ್ ಬಂದ ಮೇಲೆ ಇದನ್ನು ಕೇಳುವವರೇ ಇಲ್ಲದಂತಾಯಿತು. ಕೈಬಿಡದೆ ಸಾಕಿದ್ದು ಹಿತ್ತಲಲ್ಲಿ ಹತ್ತಿಪ್ಪತ್ತು ಕೋಳಿ ಇಟ್ಟುಕೊಂಡ ಜನ. ಅವರ ಜೊತೆ ನಿಂತಿದ್ದು ಅಳಿಯುತ್ತಿರುವ ಸಾಕುಪ್ರಾಣಿ ತಳಿಗಳನ್ನು ಉಳಿಸುವ ಲೈವ್‌ಸ್ಟಾಕ್ ಕನ್ಸರ್ವೆನ್ಸಿ ಅನ್ನುವ ಸಂಸ್ಥೆ.

ಹೆರಿಟೇಜ್ ಕೋಳಿ, ಅಂದರೆ ಪರಂಪರೆಯ ಕೋಳಿ ಅನ್ನಿಸಿಕೊಳ್ಳಲು ಈ ಸಂಸ್ಥೆ ನಿಯಮ ಮಾಡಿದೆ. ತಳಿ ಹಳೆಯದಾಗಿರಬೇಕು, ಅಪ್ಪ ಅಮ್ಮ ಅಜ್ಜ ಅಜ್ಜಿ ಎಲ್ಲ ಅದೇ ತಳಿಯವೇ ಆಗಿರಬೇಕು. ತಾವಾಗಿಯೇ ಕೂಡಿ ಮರಿ ಮಾಡಬೇಕು. ನಿಧಾನವಾಗಿ ಬೆಳೆಯಬೇಕು, 16 ವಾರಕ್ಕೆ ಮೊದಲು ಮಾಂಸದ ತೂಕಕ್ಕೆ ಬರಬಾರದು. ಬ್ರಾಯ್ಲರ್ ಆರೇಳು ವಾರಕ್ಕೇ ಕಟಾವಿಗೆ ಬರುತ್ತದೆ. ಇನ್ನು ಯಾವ ತಳಿಗೆ ಯಾವ ಗರಿ, ಯಾವ ಕಾಲು, ಯಾವ ಜುಟ್ಟು ಅಂತ ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ 1874ರಿಂದಲೇ ಪುಸ್ತಕ ಮಾಡಿಟ್ಟಿದೆ.

ಬಣ್ಣ ಹಿಡಿದಿಡುವುದಕ್ಕೆ ಲೆಕ್ಕಾಚಾರವೂ ಬೇಕು. ಆಂಡಲೂಸಿಯನ್ ತಳಿಯಲ್ಲಿ ನೀಲಿ ಹುಂಜಕ್ಕೆ ನೀಲಿ ಹೇಂಟೆ ಬಿಟ್ಟರೆ ಮರಿಗಳೆಲ್ಲ ನೀಲಿ ಬರುವುದಿಲ್ಲ. ಸರಾಸರಿ ಅರ್ಧ ನೀಲಿ, ಕಾಲು ಭಾಗ ಕಪ್ಪು, ಉಳಿದ ಕಾಲು ಭಾಗ ಬಿಳಿ ಮೈಮೇಲೆ ಮಸಿ ಚಿಮುಕಿಸಿದ ಹಾಗೆ. ಎಲ್ಲವೂ ನೀಲಿಯೇ ಬೇಕಾದರೆ ಕಪ್ಪಿಗೂ ಆ ಮಸಿ ಚುಕ್ಕೆಯದಕ್ಕೂ ಜೋಡಿ ಮಾಡಬೇಕು. ಮೊಟ್ಟೆಯ ಬಣ್ಣವೂ ಅಷ್ಟೇ. ಅಮೆರಾಕಾನಾ ಅನ್ನುವ ತಳಿಯ ನೀಲಿ ಮೊಟ್ಟೆ ಒಡೆದು ನೋಡಿದರೆ ಚಿಪ್ಪಿನ ಒಳಗೂ ನೀಲಿ. ಮಾರಾನ್ಸ್ ಕೋಳಿಯ ಚಾಕಲೇಟ್ ಬಣ್ಣ ಹೊರಗಿನ ಲೇಪ ಮಾತ್ರ. ಎರಡನ್ನೂ ಕೂಡಿಸಿದರೆ ಹುಟ್ಟುವ ಹೇಂಟೆ ಹಸಿರು ಮೊಟ್ಟೆ ಇಡುತ್ತದೆ. ಇದನ್ನು ಕಣ್ಣಾರೆ ಕಂಡ ಮಕ್ಕಳು ಶಾಲೆಯ ಮೆಂಡೆಲ್ ಪಾಠ ಮರೆಯುವುದಿಲ್ಲ.

ಮರಿ ಮಾಡಿಸುವ ವಿಷಯಕ್ಕೆ ಬಂದರೆ ನನ್ನ ಮನಸ್ಸು ಊರಿನ ಕಡೆಗೇ ವಾಲುತ್ತದೆ. ಇಲ್ಲಿ ಹೆಚ್ಚಿನವರದು ಇನ್‌ಕ್ಯುಬೇಟರ್. 37.5 ಡಿಗ್ರಿ ಶಾಖ, 21 ದಿನ. 18ನೇ ದಿನದವರೆಗೆ ಮೊಟ್ಟೆ ತಿರುಗಿಸುತ್ತಿರಬೇಕು. ಆಮೇಲೆ ತೇವ ಜಾಸ್ತಿ ಮಾಡಿ, ಮುಚ್ಚಳ ಮುಟ್ಟದೆ ಕಾಯಬೇಕು. ತೆರೆದರೆ ಒಳಪೊರೆ ಒಣಗಿ ಮರಿಯನ್ನು ಬಿಗಿದುಬಿಡುತ್ತದೆ. ಕೊನೆಯಲ್ಲಿ ಮೊಟ್ಟೆಯೊಳಗಿಂದಲೇ ಚಿಂವ್ ಚಿಂವ್ ಕೇಳುತ್ತದೆ. ದಪ್ಪ ತುದಿಯ ಹತ್ತಿರ ಸಣ್ಣ ಬಿರುಕು ಬೀಳುತ್ತದೆ. ಆಮೇಲೆ ಗಂಟೆಗಟ್ಟಲೆ ಏನೂ ಇಲ್ಲ. ಸತ್ತೇ ಹೋಯಿತೇನೋ ಅನ್ನುವಷ್ಟರಲ್ಲಿ ಮರಿ ಒಳಗೇ ಸುತ್ತು ತಿರುಗುತ್ತಾ ಚಿಪ್ಪನ್ನು ಸಾಲಾಗಿ ಕುಕ್ಕುತ್ತದೆ, ಒಂದೇ ಒದೆತಕ್ಕೆ ಟೋಪಿ ಹಾರಿಸಿ ಒದ್ದೆಮುದ್ದೆಯಾಗಿ ಹೊರಗೆ ಬೀಳುತ್ತದೆ. ಹಳದಿ ಲೋಳೆ ಹೊಟ್ಟೆಯೊಳಗೆ ಸೇರಿರುವುದರಿಂದ ಎರಡು ಮೂರು ದಿನ ಮೇವು ನೀರು ಇಲ್ಲದೆಯೂ ಬದುಕುತ್ತದೆ. ಆ ಧೈರ್ಯದ ಮೇಲೇ ಇಲ್ಲಿ 1918ರಿಂದ ಒಂದು ದಿನದ ಮರಿಗಳನ್ನು ಅಂಚೆಯಲ್ಲಿ ಕಳಿಸುತ್ತಾರೆ!

ಇಷ್ಟೆಲ್ಲವನ್ನೂ ನಮ್ಮಜ್ಜಿಯ ಹೇಂಟೆ ಒಂದು ಮಂಕರಿಯಲ್ಲಿ ಮಾಡಿ ಮುಗಿಸುತ್ತಿತ್ತು. ರಾಗಿ ಹುಲ್ಲು, ಅದರ ಮೇಲೆ ಮೊಟ್ಟೆ, ಗುಡುಗಿಗೆ ಕೆಡಬಾರದು ಅಂತ ಪಕ್ಕದಲ್ಲಿ ಒಂದು ಇದ್ದಿಲು. ಮೊಟ್ಟೆ ತಿರುಗಿಸುವುದಕ್ಕೆ ಅದರ ಕೊಕ್ಕೇ ಸಾಕು. ದಿನಕ್ಕೊಮ್ಮೆ ಎದ್ದು ಕಾಳು ತಿಂದು ಮತ್ತೆ ಕೂರುತ್ತಿತ್ತು. ಮರಿಗಳಿಗೆ ತಿಪ್ಪೆ ಕೆದರುವುದು, ಹದ್ದು ಬಂದರೆ ರೆಕ್ಕೆಯಡಿ ನುಗ್ಗುವುದು ಎರಡನ್ನೂ ಅದೇ ಕಲಿಸುತ್ತಿತ್ತು. ಮೊಟ್ಟೆಯ ಲೆಕ್ಕ ಜಾಸ್ತಿ ಮಾಡುವ ಆಸೆಯಲ್ಲಿ ಇಲ್ಲಿನ ಎಷ್ಟೋ ಕೋಳಿಗಳಿಗೆ ಕಾವು ಕೂರುವ ಬುದ್ಧಿಯೇ ಹೊರಟುಹೋಗಿದೆ. ಬಣ್ಣ ಉಳಿದು ತಾಯಿಗುಣ ಹೋದರೆ ತಳಿ ಅರ್ಧವೇ ಉಳಿದ ಹಾಗೆ, ಅಲ್ವಾ? ಇದನ್ನು ಇಲ್ಲಿನ ಗೆಳೆಯರಿಗೆ ಹೇಳುತ್ತಲೇ ಇರುತ್ತೇನೆ.

ಹುಂಜಗಳದು ಇನ್ನೊಂದು ಪಾಡು. ಮರಿಗಳಲ್ಲಿ ಅರ್ಧ ಹುಂಜ. ಇಲ್ಲಿನ ಅನೇಕ ಊರುಗಳಲ್ಲಿ ಹುಂಜ ಸಾಕುವಂತಿಲ್ಲ, ಹೆಸರಿಟ್ಟು ಸಾಕಿದ ಮೇಲೆ ಕೊಯ್ಯಲು ಕೈ ಬರುವುದಿಲ್ಲ. ನಮ್ಮೂರಲ್ಲಿ ಚೆಂದದ ಹುಂಜವೊಂದನ್ನು ಬೀಜಕ್ಕೆ ಬಿಟ್ಟು ಉಳಿದವು ಮುದ್ದೆಯ ಜೊತೆ ಸಾರಾಗುತ್ತವೆ. ತಳಿ ಬೆಳೆಸುವವರಿಗೆ ಆ ಗಟ್ಟಿ ಮನಸ್ಸು ಬೇಕೇ ಬೇಕು.

ಹೀಗೆ ಅರ್ಧ ವಿದ್ಯೆ ನಮ್ಮ ಕೈಯಲ್ಲೇ ಇದೆ. ಇಲ್ಲದಿರುವುದು ಬರೆದಿಡುವ ಅಭ್ಯಾಸ. ಕೆಂಪು, ಕಪ್ಪು, ಚುಕ್ಕೆ ಏನೇ ಇರಲಿ, ನಮಗೆ ಎಲ್ಲವೂ 'ನಾಟಿ'. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಗಿರಿರಾಜ ಕೋಳಿ ಬಂದ ಮೇಲೆ ಹಳ್ಳಿಯ ಮನೆಗಳಿಗೆ ಮೊಟ್ಟೆ, ಮಾಂಸ ಎರಡೂ ಹೆಚ್ಚಿದವು, ಅದು ಒಳ್ಳೆಯದೇ. ಆದರೆ ಅದರ ಹುಂಜ ಊರ ಹೇಂಟೆಗಳ ಜೊತೆ ಬೆರೆತರೆ ಹಳೆಯದು ಯಾವುದು ಅಂತ ಗುರುತು ಹಿಡಿಯುವುದು ಹೇಗೆ? ಕೋಲಾರದ ಕಡೆಯದೂ ಆಂಧ್ರದ್ದೂ ಆದ ಘಾಗಸ್ ಅನ್ನುವ ತಳಿ ಸರ್ಕಾರದ ಪಟ್ಟಿಯಲ್ಲಿದೆ, ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯ ಅದನ್ನು ಸಾಕುತ್ತಿದೆ. ಆ ಹೆಸರು ನಾನು ಮೊದಲು ಓದಿದ್ದು ಒಹಾಯೋಗೆ ಬಂದ ಮೇಲೆ.

ಕಾರ್ನಿಷ್ ಕೋಳಿಯ ಕತೆ ನೆನೆದರೆ ಇನ್ನೂ ಸಂಕಟ. ಇಂಗ್ಲೆಂಡಿನ ಕಾರ್ನ್‌ವಾಲ್‌ನವರು ನಮ್ಮ ದೇಶದ ಅಸೀಲ್ ಅನ್ನುವ ಕಾಳಗದ ಕೋಳಿಯ ರಕ್ತ ಬೆರೆಸಿ ಅದನ್ನು ಬೆಳೆಸಿದರು. ಅಮೆರಿಕದವರು ಅದಕ್ಕೆ ಬಿಳಿ ಪ್ಲೈಮೌತ್ ರಾಕ್ ತಳಿ ಕೂಡಿಸಿ ಬ್ರಾಯ್ಲರ್ ಮಾಡಿದರು. ಅಷ್ಟೇ ಅಲ್ಲ, ಸಾಕುಕೋಳಿಯ ಹಳದಿ ಚರ್ಮದ ಗುಣ ಬಂದಿದ್ದು ನಮ್ಮ ಪಶ್ಚಿಮ ಘಟ್ಟದಲ್ಲೂ ಓಡಾಡುವ ಬೂದು ಕಾಡುಕೋಳಿಯಿಂದ ಅಂತ 2008ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ಜಗತ್ತಿನ ಕೋಳಿಗಳಿಗೆ ಇಷ್ಟು ಕೊಟ್ಟ ನಾಡಿನಲ್ಲಿ ಕೋಳಿಯನ್ನು ತೂಕದಲ್ಲಷ್ಟೇ ಅಳೆಯುತ್ತೇವೆ.

ಊರ ತಳಿ ಉಳಿಸಲು ದೊಡ್ಡ ಯೋಜನೆ ಬೇಡ. ಒಂದೇ ಬಣ್ಣ, ಒಂದೇ ಮೈಕಟ್ಟಿನ ನಾಲ್ಕಾರು ಹೇಂಟೆ, ಹೊರಗಿನದು ಬೆರೆಯದ ಒಂದು ಹುಂಜ, ಕಾಲಿಗೆ ಉಂಗುರ, ಒಂದು ನೋಟ್‌ಬುಕ್. ಯಾರು ಯಾರ ಮರಿ, ಯಾವ ಹೇಂಟೆ ಚೆನ್ನಾಗಿ ಕಾವು ಕೂರುತ್ತದೆ ಅಂತ ಬರೆದಿಡಬೇಕು. ಇಲ್ಲಿನ ಕೌಂಟಿ, ಅಂದರೆ ಜಿಲ್ಲಾ ಜಾತ್ರೆಗಳಲ್ಲಿ ಮಕ್ಕಳು ಕೋಳಿ ಹಿಡಿದು ನಿಂತು, ತೀರ್ಪುಗಾರರ ಪ್ರಶ್ನೆಗಳಿಗೆ ಉತ್ತರ ಹೇಳುತ್ತಾರೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳದಲ್ಲಿ ಊರ ಕೋಳಿಗಳಿಗೂ ಅಂಥದೊಂದು ಸಾಲು ಹಾಕಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಒಳ್ಳೇ ಕೋಳಿಯ ಮೊಟ್ಟೆಗಳನ್ನು ನಾಲ್ಕು ಊರಿನ ನಾಲ್ಕು ಮನೆಗೆ ಹಂಚಿಡಬೇಕು. 2022ರಿಂದ ಅಮೆರಿಕದಲ್ಲಿ ಹಕ್ಕಿಜ್ವರ ಬಿಟ್ಟೂಬಿಡದೆ ಕಾಡುತ್ತಿದೆ. ರೋಗ ಒಂದು ಹಿತ್ತಲಿಗೆ ನುಗ್ಗಿದರೆ ವರ್ಷಗಟ್ಟಲೆ ಬೆಳೆಸಿದ ವಂಶ ಅಲ್ಲಿಗೇ ಮುಗಿಯುತ್ತದೆ. ಮೊಟ್ಟೆ ಹಂಚಿದ್ದವರಿಗೆ ಇನ್ನೊಂದು ಮನೆಯಿಂದ ಮರಿ ತಂದು ಮತ್ತೆ ಶುರು ಮಾಡಬಹುದು.