ತಿದ್ದಿದ ಕೋಡನ್ನು ಮೂಲ ಯೋಜನೆಗೆ ಮರಳಿಸುವುದು ತಂಡದ ಕೆಲಸವೇ? ಪರ–ವಿರೋಧ

ರೇಡಿಯೋ ಈಗ ಬಹುಮಟ್ಟಿಗೆ ಕೋಡ್. ಆಂಟೆನಾ ಹಿಡಿದ ಅಲೆಯನ್ನು ಪುಟ್ಟ ಹಾರ್ಡ್‌ವೇರ್ ಒಂದು ಅಂಕಿಗಳಾಗಿ ಬದಲಿಸಿಕೊಟ್ಟರೆ ಸಾಕು. ಬೇಡದ ಆವರ್ತನಗಳನ್ನು ಸೋಸುವುದು, ಗಡಿಯಾರ ಹೊಂದಿಸಿಕೊಳ್ಳುವುದು, ಸಂದೇಶವನ್ನು ಬಿಡಿಸಿ ಓದುವುದು ಎಲ್ಲವೂ ಪ್ರೊಸೆಸರಿನಲ್ಲಿ ನಡೆಯುತ್ತವೆ. ಇದಕ್ಕೆ ಬೇಕಾದ ಬ್ಲಾಕ್‌ಗಳನ್ನು, ಅಂದರೆ ಒಂದೊಂದು ಕೆಲಸ ಮಾಡುವ ಕೋಡಿನ ತುಂಡುಗಳನ್ನು, ಅನೇಕ ತಂಡಗಳು ಮೊದಲಿನಿಂದ ಬರೆಯುವುದಿಲ್ಲ. 2001ರಲ್ಲಿ ಎರಿಕ್ ಬ್ಲಾಸಮ್ ಆರಂಭಿಸಿದ ಗ್ನೂ ರೇಡಿಯೋದಂಥ, ಯಾರು ಬೇಕಾದರೂ ಓದಿ ತಿದ್ದಬಹುದಾದ ಓಪನ್ ಸೋರ್ಸ್ ಯೋಜನೆಯಿಂದ ತೆಗೆದುಕೊಂಡು ತಮ್ಮ ಉಪಕರಣಕ್ಕೆ ತಕ್ಕಂತೆ ತಿದ್ದಿಕೊಳ್ಳುತ್ತವೆ. ಅದರ ಜಿಪಿಎಲ್ ಲೈಸೆನ್ಸ್, ಸಾಫ್ಟ್‌ವೇರನ್ನು ಯಾರಿಗೆ ಹಂಚುತ್ತೀರೋ ಅವರಿಗೆ ತಿದ್ದಿದ ಸೋರ್ಸ್ ಸಿಗುವಂತಿರಬೇಕು ಎನ್ನುತ್ತದೆಯೇ ಹೊರತು, ಆ ತಿದ್ದುಪಡಿಯನ್ನು ಮೂಲ ಯೋಜನೆಗೆ ಸೇರಿಸಲು ದುಡಿಯಿರಿ ಎಂದು ಹೇಳುವುದಿಲ್ಲ. ಆದ್ದರಿಂದ ಸಂಬಳದ ಸಮಯವನ್ನು ಈ ದುಡಿಮೆಗೆ ಮೀಸಲಿಡಬೇಕೇ ಎಂಬುದು ತಂಡ ನಡೆಸುವವರೇ ತೀರ್ಮಾನಿಸಬೇಕಾದ ಪ್ರಶ್ನೆ. ಮೊದಲ ವರ್ಷಗಳಲ್ಲಿ ನಾನು ಮನಸಾರೆ ಒಂದು ಕಡೆ ವಾದಿಸಿದ್ದೆ, ಆಮೇಲೆ ಅಷ್ಟೇ ಮನಸಾರೆ ಇನ್ನೊಂದು ಕಡೆ. ಎರಡನ್ನೂ ಇಲ್ಲಿಡುತ್ತಿದ್ದೇನೆ.

ಪರ

ನಮ್ಮ ತಂಡದ ರಿಸೀವರ್ ಒಂದು ಅರ್ಧ ಗಂಟೆ ಸರಾಗವಾಗಿ ನಡೆದು, ಆಮೇಲೆ ಸಿಂಕ್, ಅಂದರೆ ಬರುವ ಸಂಕೇತದೊಂದಿಗಿನ ಹೊಂದಾಣಿಕೆ, ಕಳೆದುಕೊಳ್ಳುತ್ತಿತ್ತು. ಬಿಸಿಯಾಗಿ, ಆವರ್ತನ ಹುಟ್ಟಿಸುವ ಆಸಿಲೇಟರ್ ಜಾರುತ್ತಿದೆ ಎಂದು ಎಲ್ಲರೂ ನಂಬಿ, ಎಂಟು ದಿನ ಫ್ಯಾನು, ಶಾಖದ ಪೆಟ್ಟಿಗೆ, ಬೇರೆ ಬೇರೆ ಬೋರ್ಡುಗಳ ಹಿಂದೆ ಬಿದ್ದೆವು. ತಂಡದಲ್ಲಿ ಎಲ್ಲರಿಗಿಂತ ಕಿರಿಯಳಾದ ಎಂಜಿನಿಯರ್ ಪ್ರತಿ ಸಲವೂ ಸಮಯ ಬರೆದಿಟ್ಟುಕೊಂಡಿದ್ದಳು: ಸರಿಯಾಗಿ 35 ನಿಮಿಷ 47 ಸೆಕೆಂಡು. ಶಾಖ ಇಷ್ಟು ಕರಾರುವಾಕ್ಕಾಗಿ ಕೆಡಿಸುವುದಿಲ್ಲ. ಸೆಕೆಂಡಿಗೆ 20 ಲಕ್ಷ ಸ್ಯಾಂಪಲ್‌ಗಳನ್ನು (ಅಲೆಯ ಅಳತೆಗಳನ್ನು) ಎಣಿಸುತ್ತ ಹೋದ 32 ಬಿಟ್‌ನ ಎಣಿಕೆ 4,29,49,67,296 ತಲುಪಿದ ಕ್ಷಣ ಸೊನ್ನೆಗೆ ಮರಳುತ್ತದೆ; ಭಾಗಿಸಿದರೆ ಬರುವುದು ಅದೇ 35 ನಿಮಿಷ 47 ಸೆಕೆಂಡು. ಎಣಿಕೆಯನ್ನು 64 ಬಿಟ್‌ಗೆ ಬದಲಿಸಲು ಬೇಕಾದದ್ದು ಎರಡೇ ಸಾಲು.

ಆ ಎರಡು ಸಾಲನ್ನು ನಾವು ನಮ್ಮ ಪ್ರತಿಯಲ್ಲೇ ಇಟ್ಟುಕೊಂಡೆವು. ಏಳು ತಿಂಗಳ ನಂತರ ಮೂಲ ಯೋಜನೆಯ ಹೊಸ ಆವೃತ್ತಿಗೆ ಬಂದಾಗ ಆ ಫೈಲಿನ ಸುತ್ತಲ ಕೋಡ್ ಬದಲಾಗಿತ್ತು, ನಮ್ಮ ಪ್ಯಾಚ್, ಅಂದರೆ ಆ ತಿದ್ದುಪಡಿ, ಕೂರಲಿಲ್ಲ. ಹಳೆಯ ಕಥೆ ಗೊತ್ತಿಲ್ಲದ ಸಹೋದ್ಯೋಗಿಯೊಬ್ಬರು ಆ ಸಾಲುಗಳನ್ನು ಬಿಟ್ಟು ಮುಂದೆ ಹೋದರು, ಅದೇ ದೋಷ ಮತ್ತೆ ಬಂತು. ಅವರದು ತಪ್ಪಲ್ಲ. ಸ್ವಂತಕ್ಕೆಂದು ಇಟ್ಟುಕೊಂಡ ತಿದ್ದುಪಡಿಯ ನೆನಪು ಮನುಷ್ಯರ ತಲೆಯಲ್ಲಿರುತ್ತದೆ, ಮನುಷ್ಯರು ತಂಡ ಬಿಟ್ಟು ಹೋಗುತ್ತಾರೆ. ಎರಡನೆಯ ಸಲ ಅದನ್ನು ಮೂಲ ಯೋಜನೆಗೆ ಕಳುಹಿಸಿದಾಗ, ನೋಡಿಕೊಳ್ಳುವ ಮೇಂಟೇನರ್ ಟೆಸ್ಟ್ ಇಲ್ಲದೆ ಸೇರಿಸಿಕೊಳ್ಳಲು ಒಪ್ಪಲಿಲ್ಲ. 36 ನಿಮಿಷ ಓಡಿಸುವ ಟೆಸ್ಟ್ ಯಾರಿಗೂ ಬೇಡ, ಎಣಿಕೆಯನ್ನು ಅಂಚಿನ ಹತ್ತಿರದಿಂದಲೇ ಆರಂಭಿಸಿ ಎಂದರು. ಹಾಗೆ ಬರೆದ ಟೆಸ್ಟನ್ನು ನಮ್ಮದೇ ಬ್ಲಾಕ್‌ಗಳ ಮೇಲೂ ಓಡಿಸಿದಾಗ ಇನ್ನೆರಡು ಕಡೆ ಅದೇ ತಪ್ಪು ಸಿಕ್ಕಿತು. ನಮಗಿಂತ ಹೆಚ್ಚು ರೇಡಿಯೋ ಕೋಡ್ ಓದಿದ ಅಪರಿಚಿತರೊಬ್ಬರ ಒಂದು ಪ್ರಶ್ನೆ, ನಾವು ಒಳಗೊಳಗೇ ಮಾಡಿಕೊಂಡ ಎಷ್ಟೋ ರಿವ್ಯೂಗಳಿಗಿಂತ ಹೆಚ್ಚು ಕಲಿಸಿತು.

ದೊಡ್ಡ ಬದಲಾವಣೆಗಳು ಬಂದಾಗ ಈ ಲೆಕ್ಕ ಇನ್ನೂ ಸ್ಪಷ್ಟವಾಗುತ್ತದೆ. 2019ರಲ್ಲಿ ಬಂದ ಗ್ನೂ ರೇಡಿಯೋ 3.8, ಪ್ರೋಗ್ರಾಮಿಂಗ್ ಭಾಷೆ ಪೈಥಾನ್ 3ಕ್ಕೆ ದಾರಿ ಮಾಡಿತು ಮತ್ತು ಬ್ಲಾಕ್‌ಗಳ ವಿವರಣೆಯನ್ನು ಎಕ್ಸ್‌ಎಂಎಲ್‌ನಿಂದ ಯಾಮಲ್ ಎಂಬ ಬೇರೆ ಬರಹರೂಪಕ್ಕೆ ಸಾಗಿಸಿತು, 2021ರ 3.9, ಸಿ ಪ್ಲಸ್ ಪ್ಲಸ್ ಮತ್ತು ಪೈಥಾನ್ ನಡುವಿನ ಸೇತುವೆಯನ್ನೇ ಸ್ವಿಗ್ ಎಂಬ ಸಾಧನದಿಂದ ಪೈಬೈಂಡ್11ಕ್ಕೆ ಬದಲಿಸಿತು. ಮೂಲ ಯೋಜನೆಯ ಕೋಡಿನ ಮರದೊಳಗಿದ್ದ ಬ್ಲಾಕ್‌ಗಳು ಮರದ ಜೊತೆಗೇ ಸಾಗಿದವು. ಹೊರಗಿದ್ದ ಪ್ರತಿಯೊಂದು ಮಾಡ್ಯೂಲನ್ನೂ ಅದರ ಒಡೆಯರೇ ಹೊತ್ತು ದಾಟಿಸಬೇಕಾಯಿತು. ತಿದ್ದುಪಡಿಯನ್ನು ಮರಳಿಸಲು ಇಂದು ಒಂದು ವಾರ ಹಿಡಿಯುತ್ತದೆ ಎಂದು ಗೊಣಗುವ ಮ್ಯಾನೇಜರ್, ಮರಳಿಸದೆ ಉಳಿದದ್ದನ್ನು ಎರಡು ವರ್ಷಕ್ಕೊಮ್ಮೆ ಹೊರುವ ಸಮಯವನ್ನೂ ಅದೇ ಪುಟದಲ್ಲಿ ಬರೆಯಬೇಕು.

ಇದಕ್ಕಾಗಿ ಸಮಯವನ್ನು ಯೋಜನಾಪಟ್ಟಿಯಲ್ಲೇ ಇಡಬೇಕೆನ್ನುವುದಕ್ಕೆ ಕಾರಣವಿದೆ. ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಕೆಲಸ ನಿಲ್ಲುವುದಿಲ್ಲ, ತಂಡದಲ್ಲಿ ಯಾರಿಗೆ ಮನಸ್ಸು ತಡೆಯುವುದಿಲ್ಲವೋ ಅವರ ರಾತ್ರಿಗಳಿಗೆ ಹೋಗುತ್ತದೆ. ಅದು ನ್ಯಾಯವಲ್ಲ. ಇನ್ನೊಂದು ಮಾತನ್ನೂ ಹೇಳದೆ ಇರಲಾರೆ. 1978ರಲ್ಲಿ ಹಾರಿಸಿದ ಐಸೀ-3 ಬಾಹ್ಯಾಕಾಶ ನೌಕೆಯೊಂದಿಗೆ ಮಾತಾಡಬಲ್ಲ ಹಳೆಯ ಉಪಕರಣಗಳನ್ನು ನಾಸಾ ತೆಗೆದುಹಾಕಿತ್ತು. 2014ರಲ್ಲಿ ಒಂದು ಸ್ವತಂತ್ರ ಗುಂಪು ಪೋರ್ಟೊ ರಿಕೊದ ಅರೆಸಿಬೊ ರೇಡಿಯೋ ದೂರದರ್ಶಕದ ನೆರವಿನಿಂದ, ಗ್ನೂ ರೇಡಿಯೋದಲ್ಲಿ ಮೋಡೆಮ್ ಕಟ್ಟಿಕೊಂಡು, ಅದನ್ನು ಮತ್ತೆ ಮಾತಿಗೆಳೆಯಿತು. ಒಂದು ಫಿಲ್ಟರನ್ನೋ ಒಂದು ಲೂಪನ್ನೋ ವರ್ಷಗಳ ಹಿಂದೆ ತಿದ್ದಿ ಮರಳಿಸಿದವರಲ್ಲಿ ಯಾರೂ ಈ ನೌಕೆಯನ್ನು ನೆನೆದು ಬರೆದಿರಲಾರರು.

ವಿರೋಧ

ಮೇಲಿನ ವಾದ ಎರಡು ಸಾಲಿನ ತಿದ್ದುಪಡಿಗೆ ಪೂರ್ತಿ ಸರಿ. ತಂಡವೊಂದು ವರ್ಷವಿಡೀ ಬರೆಯುವ ಕೋಡ್ ಹಾಗಿರುವುದಿಲ್ಲ. ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಹೊಂದಿಸುವ ಸ್ಥಿರಾಂಕಗಳು, ಸಂಕೇತ ಹಾಯುವ ಐ ಮತ್ತು ಕ್ಯೂ ಎಂಬ ಎರಡು ಹಾದಿಗಳ ಅಸಮತೋಲನ ಸರಿಪಡಿಸುವ ಕೋಷ್ಟಕಗಳು, ಒಂದೇ ಬಗೆಯ ಮುಂಭಾಗದ ಸರ್ಕ್ಯೂಟಿಗೆ ಒಗ್ಗಿದ ಫಿಲ್ಟರ್‌ಗಳು ಇವೇ ಅದರ ಬಹುಪಾಲು. ನಮ್ಮ ಬೋರ್ಡ್ ಕೈಯಲ್ಲಿಲ್ಲದವರು ಇದನ್ನು ಪರೀಕ್ಷಿಸಲಾರರು. ಅದನ್ನು ಮೂಲ ಯೋಜನೆಗೆ ಸೇರಿಸಿ ನಾವು ಹಗುರಾದರೆ ಭಾರ ಇಲ್ಲದಾಗುವುದಿಲ್ಲ, ಹೊರುವವರು ಬದಲಾಗುತ್ತಾರೆ. ಮೂರು ವರ್ಷದಲ್ಲಿ ಉತ್ಪನ್ನ ನಿಂತು ತಂಡ ಚದುರಿದ ಮೇಲೂ, ಸಂಬಳವಿಲ್ಲದ ಒಬ್ಬ ಮೇಂಟೇನರ್ ಆ ಕೋಡನ್ನು ಪ್ರತಿ ಆವೃತ್ತಿಗೂ ದಾಟಿಸುತ್ತಿರಬೇಕು. ಮರದ ಜೊತೆಗೇ ಸಾಗಿದವು ಎಂದು ಮೇಲೆ ಸಲೀಸಾಗಿ ಬರೆದೆನಲ್ಲ, ಸಾಗಿಸಿದ ಕೈಗಳು ಇವೇ.

ಓಪನ್ ಸೋರ್ಸ್ ಜಗತ್ತಿನಲ್ಲಿ ಅತ್ಯಂತ ವಿರಳವಾದದ್ದು ಕೋಡ್ ಅಲ್ಲ, ಈ ಮೇಂಟೇನರುಗಳ ಗಮನ. 2024ರಲ್ಲಿ ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಗುಟ್ಟಾಗಿ ಒಳನುಗ್ಗಲು ಬಿಡುವ ಹಿಂಬಾಗಿಲು ಪತ್ತೆಯಾಯಿತು. ದಣಿದಿದ್ದ ಏಕೈಕ ಮೇಂಟೇನರ್ ಮೇಲೆ ಒತ್ತಡ ಹೇರಿ, ನೆರವಿನ ನೆಪದಲ್ಲಿ ಒಳಬಂದವರ ಕೆಲಸ ಅದು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ಹೆಚ್ಚಿಗೆ ಹಿಡಿಯುತ್ತಿದೆಯೆಂದು ಗಮನಿಸಿದ್ದರಿಂದ ಅದು ಬಯಲಾಯಿತು. ಪ್ರಾಮಾಣಿಕ ಕಂಪನಿಯ ಪ್ಯಾಚುಗಳನ್ನು ಆ ಕೃತ್ಯದ ಜೊತೆ ಹೋಲಿಸುತ್ತಿಲ್ಲ. ಆದರೆ ತಂಡಗಳು ಪ್ಯಾಚ್ ಕಳುಹಿಸುವುದನ್ನೇ ಗುರಿಯಾಗಿಸಿಕೊಂಡರೆ, ಆ ಕಡೆಯ ಒಬ್ಬಿಬ್ಬರ ಸಂಜೆಗಳು ಅದರಲ್ಲೇ ಕಳೆದುಹೋಗುತ್ತವೆ. ಒಂದು ವರ್ಷ ನಾನೇ ಸ್ವೀಕೃತವಾದ ಪ್ಯಾಚ್‌ಗಳ ಸಂಖ್ಯೆಯನ್ನು ವಾರ್ಷಿಕ ಮೌಲ್ಯಮಾಪನಕ್ಕೆ ಸೇರಿಸಿದ್ದೆ. ಒಂದಾಗಿ ಹೋಗಬೇಕಿದ್ದ ಬದಲಾವಣೆ ನಾಲ್ಕಾಗಿ ಹೋಗತೊಡಗಿತು. ಅದನ್ನು ಕಂಡು ನನಗೆ ನಾಚಿಕೆಯಾಯಿತು, ಮರುವರ್ಷ ತೆಗೆದುಹಾಕಿದೆ.

ತಂಡದೊಳಗಿನ ನ್ಯಾಯದ ಪ್ರಶ್ನೆಯೂ ಇದೆ. ವಾರಕ್ಕೆ ಅರ್ಧ ದಿನ ಎಂದು ಪಟ್ಟಿಯಲ್ಲಿ ಬರೆದರೂ, ಆ ಅರ್ಧ ದಿನ ಸಿಗುವುದು ಅಲ್ಗಾರಿದಮ್ ಬರೆಯುವ ಇಬ್ಬರಿಗೆ. ಅಳತೆಯ ಮೇಜಿನ ಮುಂದೆ ಕೇಬಲ್ ಬದಲಿಸುತ್ತ ಬೋರ್ಡುಗಳನ್ನು ಒಂದೊಂದಾಗಿ ಕ್ಯಾಲಿಬ್ರೇಟ್ ಮಾಡುವವರಿಗೆ, ಗ್ರಾಹಕರ ಕರೆಗೆ ಓಗೊಡುವವರಿಗೆ ಅದು ದಕ್ಕುವುದಿಲ್ಲ. ಹೊರಜಗತ್ತಿನಲ್ಲಿ ಹೆಸರು ಬರುವುದೂ ಆ ಇಬ್ಬರಿಗೇ, ಅವರು ಬಿಟ್ಟ ಕೆಲಸ ಸೇರುವುದು ಉಳಿದವರ ತಲೆಗೆ.

ಇನ್ನು, ಬೇರೆ ಸಾಫ್ಟ್‌ವೇರಿಗೆ ಇಲ್ಲದ ಹೊಣೆಯೊಂದು ರೇಡಿಯೋಗಿದೆ. ರಿಸೀವರ್ ಕೆಟ್ಟರೆ ನಷ್ಟ ನಮಗೆ, ಟ್ರಾನ್ಸ್‌ಮಿಟರ್ ಕೆಟ್ಟರೆ ಆ ಆವರ್ತನ ಬಳಸುವ ಎಲ್ಲರಿಗೂ. ಅಮೆರಿಕದಲ್ಲಿ 5600ರಿಂದ 5650 ಮೆಗಾಹರ್ಟ್ಜ್ ನಡುವೆ ವಿಮಾನ ನಿಲ್ದಾಣಗಳ ಹವಾಮಾನ ರಾಡಾರ್‌ಗಳು ಕೆಲಸ ಮಾಡುತ್ತವೆ. ಅದೇ ಆವರ್ತನಗಳನ್ನು ಬಳಸುವ ವೈಫೈ ಉಪಕರಣ ರಾಡಾರನ್ನು ಗುರುತಿಸಿ ಜಾಗ ಬಿಡಬೇಕು. ದೇಶದ ಆಯ್ಕೆ ಬದಲಿಸಿ ಅನುಮತಿ ಮೀರಿದ ಶಕ್ತಿಯಲ್ಲಿ ಪ್ರಸಾರ ಮಾಡಲು ಬಿಡುತ್ತಿದ್ದ ರೌಟರ್‌ಗಳಿಗಾಗಿ ಟಿಪಿ-ಲಿಂಕ್ ಕಂಪನಿ 2016ರಲ್ಲಿ ಅಲ್ಲಿನ ಸಂಪರ್ಕ ನಿಯಂತ್ರಕ ಸಂಸ್ಥೆ ಎಫ್‌ಸಿಸಿಗೆ 2 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಅದೇ ಒಪ್ಪಂದದಲ್ಲಿ ಹೊರಗಿನವರ ಓಪನ್ ಸೋರ್ಸ್ ಫರ್ಮ್‌ವೇರಿಗೆ ಅವಕಾಶ ಮಾಡಿಕೊಡುವ ಮಾತೂ ಇತ್ತು, ಅಂದರೆ ನಿಯಂತ್ರಕರ ಆಕ್ಷೇಪ ಮುಕ್ತ ಕೋಡಿನ ಮೇಲಲ್ಲ. ಆದರೂ ಪ್ರಸಾರದ ಶಕ್ತಿಯನ್ನು ಮುಟ್ಟುವ ಪ್ರತಿ ಸಾಲನ್ನೂ ಹೊರಗೆ ಕಳುಹಿಸುವ ಮೊದಲು ಪ್ರಮಾಣೀಕರಣ ಬಲ್ಲವರು ಓದಬೇಕಾಗುತ್ತದೆ. ಸಣ್ಣ ತಂಡದಲ್ಲಿ ಅಂಥವರು ಒಬ್ಬರೇ ಇರುತ್ತಾರೆ, ಅವರ ಮುಂದೆ ಆಗಲೇ ಸಾಲು ನಿಂತಿರುತ್ತದೆ.

ಮರಳಿ ಕೊಡಲು ಇದಕ್ಕಿಂತ ಒಳ್ಳೆಯ ದಾರಿ ಇದೆ. ದೋಷ ಕಂಡಾಗ ಅದು ಮರುಕಳಿಸುವ ಅತಿ ಚಿಕ್ಕ ಸಂದರ್ಭವನ್ನು ಹುಡುಕಿ, ಆಂಟೆನಾದಿಂದ ಬಂದ ಸ್ಯಾಂಪಲ್‌ಗಳನ್ನು ಹಾಗೆಯೇ ದಾಖಲಿಸಿ ವರದಿಯ ಜೊತೆ ಕಳುಹಿಸಬಹುದು. ಸೆಕೆಂಡಿಗೆ 20 ಲಕ್ಷ ಸ್ಯಾಂಪಲ್, ಒಂದೊಂದಕ್ಕೆ ಎರಡು ಬೈಟ್ ಎಂದರೆ 10 ಸೆಕೆಂಡಿನ ದಾಖಲೆ 4 ಕೋಟಿ ಬೈಟ್ ಮಾತ್ರ. ಮೇಂಟೇನರ್ ತಮ್ಮ ಮೇಜಿನ ಮೇಲೆ, ನಮ್ಮ ಬೋರ್ಡ್ ಇಲ್ಲದೆಯೇ, ಅದನ್ನು ಎಷ್ಟು ಸಲ ಬೇಕಾದರೂ ಓಡಿಸಿ ದೋಷವನ್ನು ಕಣ್ಣಾರೆ ಕಾಣಬಲ್ಲರು. ತಿದ್ದುವುದು ಹೇಗೆ, ತಿದ್ದಬೇಕೋ ಬೇಡವೋ ಎಂಬ ತೀರ್ಮಾನ ಅವರ ಕೈಯಲ್ಲೇ ಉಳಿಯುತ್ತದೆ. ಕಂಪನಿ ಮೀಸಲಿಡಬೇಕೆಂದಿದ್ದ ಆ ಅರ್ಧ ದಿನದ ಸಂಬಳವನ್ನು ಅವರಿಗೇ ಕಳುಹಿಸಲಿ.